ಲೈಸ್ಟೆಡ್ ಕಾಯಿದೆ
ಎಳೆಯ ಕ್ರೀಡಾಪಟುಗಳ ತಲೆಪೆಟ್ಟಿನ ಬಗ್ಗೆ ಅಮೆರಿಕದ ವಾಷಿಂಗ್ಟನ್ ರಾಜ್ಯವು 2009ರಲ್ಲಿ ತಂದ ಈ ಶಾಸನಕ್ಕೆ, 2006ರ ಶಾಲಾ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೂ ಆಟಕ್ಕೆ ಮರಳಿ ಕುಸಿದುಬಿದ್ದ 13 ವರ್ಷದ ಬಾಲಕನ ಹೆಸರಿಡಲಾಗಿದೆ. ಕನ್ಕಷನ್, ಅಂದರೆ ಪೆಟ್ಟಿನ ರಭಸಕ್ಕೆ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವ ಸ್ಥಿತಿ, ಉಂಟಾಗಿರಬಹುದೆಂಬ ಶಂಕೆ ಮೂಡಿದರೂ ಸಾಕು, ಆಟಗಾರನನ್ನು ಕೂಡಲೇ ಹೊರಗೆ ಕರೆಸಬೇಕು. ಈ ವಿಷಯದಲ್ಲಿ ತರಬೇತಾದ ಪರವಾನಗಿ ಪಡೆದ ಆರೋಗ್ಯ ಪರಿಣತರ ಲಿಖಿತ ಅನುಮತಿಯಿಲ್ಲದೆ ಆತ ಮರಳುವಂತಿಲ್ಲ. ತೀರ್ಮಾನವನ್ನು ತರಬೇತುದಾರನ ಅಂದಾಜಿಗೆ ಬಿಡದಿರುವುದೇ ಇದರ ತಿರುಳು. ಪೋಷಕರೂ ಆಟಗಾರರೂ ಪ್ರತಿವರ್ಷ ಅಪಾಯದ ಮಾಹಿತಿಪತ್ರಕ್ಕೆ ಸಹಿ ಹಾಕಬೇಕು. ಶಾಲೆಯ ಮೈದಾನ ಬಳಸುವ ಲಾಭರಹಿತ ಖಾಸಗಿ ಸಂಘವು ವಿಮೆಯ ಪುರಾವೆಯನ್ನೂ ನಿಯಮಪಾಲನೆಯ ಹೇಳಿಕೆಯನ್ನೂ ಸಲ್ಲಿಸಿದ್ದರೆ, ಅದರ ಲೋಪದಿಂದಾದ ಗಾಯಕ್ಕೆ ಶಾಲಾ ಆಡಳಿತ ಹೊಣೆಯಾಗದು. 2014ರ ವೇಳೆಗೆ ಅಮೆರಿಕದ ಎಲ್ಲ 50 ರಾಜ್ಯಗಳೂ ತಲೆಪೆಟ್ಟಿನ ಕಾಯಿದೆಗಳನ್ನು ಮಾಡಿಕೊಂಡಿದ್ದವು.