ಮನೋಚಿಕಿತ್ಸೆಯಲ್ಲಿ ಭಾವಮಾಪನ

ಮನೋಚಿಕಿತ್ಸೆಗೆ ಬಂದವರ ಮಾತನ್ನೇ ಆಧಾರವಾಗಿಟ್ಟುಕೊಂಡು ಅವರ ಭಾವದ ಏರಿಳಿತವನ್ನು ಅಳೆಯುವ ವಿಧಾನ. ಇದಕ್ಕೆ ಮೊದಲು ಬೇಕಾದದ್ದು ಕಂಪ್ಯೂಟರಲ್ಲ, ಮಾತಿನ ದಾಖಲೆ. ಚಿಕಿತ್ಸಕರು ನೆನಪಿನಿಂದ ಬರೆದಿಟ್ಟ ಟಿಪ್ಪಣಿಯಲ್ಲಿ ಅವರಿಗೆ ಮುಖ್ಯವೆನಿಸಿದ್ದಷ್ಟೇ ಉಳಿಯುತ್ತಿತ್ತು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಕಾರ್ಲ್ ರೋಜರ್ಸ್ ಭೇಟಿಗಳನ್ನು ಧ್ವನಿಮುದ್ರಿಸಿಕೊಂಡರು. ಒಬ್ಬ ವ್ಯಕ್ತಿಯ ಎಂಟು ಭೇಟಿಗಳ ಮಾತನ್ನು, ಹೆಸರು ಬದಲಿಸಿ, 1942ರ ತಮ್ಮ ಪುಸ್ತಕದಲ್ಲಿ ಇಡಿಯಾಗಿ ಅಚ್ಚು ಹಾಕಿಸಿದರು. ಈ ಕ್ಷೇತ್ರದ ನಿಜವಾದ ಆರಂಭ ಅದೇ ಎನ್ನಬೇಕು.

1947ರಲ್ಲಿ ಜಾನ್ ಡಾಲರ್ಡ್ ಮತ್ತು ಹೋಬಾರ್ಟ್ ಮೌರರ್ ಬರಹದಲ್ಲಿನ ಸಂಕಟದ ಪದಗಳನ್ನೂ ನಿರಾಳದ ಪದಗಳನ್ನೂ ಎಣಿಸಿ, ಒಟ್ಟಿನಲ್ಲಿ ಸಂಕಟದ ಪಾಲೆಷ್ಟೆಂದು ಲೆಕ್ಕ ಹಾಕಿದರು. 1960ರ ದಶಕದಲ್ಲಿ ಹಾರ್ವರ್ಡ್‌ನ ಫಿಲಿಪ್ ಸ್ಟೋನ್ ಮತ್ತು ಸಂಗಡಿಗರ ‘ಜನರಲ್ ಇನ್‌ಕ್ವೈರರ್’ ಪದಗಳ ಎಣಿಕೆಯನ್ನು ಕಂಪ್ಯೂಟರಿಗೆ ವಹಿಸಿತು. 1966ರಲ್ಲಿ ಜೋಸೆಫ್ ವೈಜನ್‌ಬಾಮ್ ಪ್ರಕಟಿಸಿದ, ಸಂಭಾಷಣೆ ನಡೆಸುವ ಕಂಪ್ಯೂಟರ್ ತಂತ್ರಾಂಶ ‘ಎಲೈಜಾ’ ಹೆಚ್ಚು ಹೆಸರು ಮಾಡಿತಾದರೂ ಅದು ರೋಜರ್ಸ್ ಶೈಲಿಯ ಚಿಕಿತ್ಸಕರ ಮಾತನ್ನು ಅನುಕರಿಸಿತೇ ಹೊರತು ಭಾವವನ್ನು ಅಳೆಯಲಿಲ್ಲ.

ಎಣಿಕೆಗೆ ಚಿಕಿತ್ಸೆಯ ಅರ್ಥ ಕೊಟ್ಟವರು ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದ ಎರ್ಹಾರ್ಡ್ ಮೆರ್ಗೆನ್‌ಥಾಲರ್. 1996ರಲ್ಲಿ ಅವರು ಭಾವದ ಪದಗಳ ಜೊತೆಗೆ ಅಮೂರ್ತ ಪದಗಳನ್ನೂ ಅಳೆದು ನೋಡಿದರು. ಎರಡೂ ಕಡಿಮೆಯಿದ್ದರೆ ವಿರಾಮ; ಭಾವ ಮಾತ್ರ ಹೆಚ್ಚಿದ್ದರೆ ಅನುಭವಿಸುವಿಕೆ; ಅಮೂರ್ತತೆ ಮಾತ್ರ ಹೆಚ್ಚಿದ್ದರೆ ಚಿಂತನೆ. ಎರಡೂ ಒಟ್ಟಿಗೆ ಏರಿದಾಗ ವ್ಯಕ್ತಿ ತನ್ನ ನೋವನ್ನು ಅನುಭವಿಸುತ್ತಲೇ ಅರ್ಥಮಾಡಿಕೊಳ್ಳುತ್ತಿದ್ದಾನೆ. ಚಿಕಿತ್ಸೆಯ ತಿರುವು ಅಲ್ಲಿದೆ ಎಂಬುದು ಅವರ ವಾದ. ಅತ್ತಷ್ಟೂ ಗುಣ ಎಂಬ ಸರಳ ನಂಬಿಕೆಗಿಂತ ಇದು ಎಷ್ಟೋ ಸೂಕ್ಷ್ಮ.

ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ‘ಲ್ಯೂಕ್’ ತಂತ್ರಾಂಶವೂ ಮೊದಲೇ ಸಿದ್ಧಪಡಿಸಿದ ಪದಪಟ್ಟಿಯ ನಿಘಂಟನ್ನೇ ನೆಚ್ಚಿತ್ತು. ಸಂದರ್ಭವನ್ನು ಓದಬಲ್ಲ ನರಜಾಲಗಳು ಬಂದ ಮೇಲೆ ಚಿತ್ರ ಬದಲಾಯಿತು. 2021ರಲ್ಲಿ ಮೈಕೆಲ್ ತನಾನಾ ಮತ್ತು ಸಹೋದ್ಯೋಗಿಗಳು ಚಿಕಿತ್ಸೆಯ ಸುಮಾರು 97 ಸಾವಿರ ಉಕ್ತಿಗಳಿಗೆ ಮನುಷ್ಯರಿಂದಲೇ ಭಾವದ ಗುರುತು ಹಾಕಿಸಿ ಹೋಲಿಸಿದಾಗ, ‘ಬರ್ಟ್’ ಎಂಬ ನರಜಾಲ ಮಾದರಿ ಪದ ಎಣಿಸುವ ವಿಧಾನಕ್ಕಿಂತ ಮನುಷ್ಯರ ತೀರ್ಮಾನಕ್ಕೆ ಹತ್ತಿರ ಬಂದಿತು.

ಬರಿಯ ನಿಘಂಟನ್ನು ನೆಚ್ಚುವ ವಿಧಾನದ ಕೊರತೆ ಕನ್ನಡದಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಪದದ ಆರಂಭ ನೋಡಿ ಎಣಿಸುವ ಯಂತ್ರಕ್ಕೆ ‘ಬೇಸರವಾಯಿತು’, ‘ಬೇಸರವಾಗಲಿಲ್ಲ’ ಎರಡೂ ಬೇಸರವೇ. ‘ಹೊಟ್ಟೆ ಉರಿಯಿತು’, ‘ಎದೆ ಭಾರವಾಯಿತು’ ಎಂದರೆ ಅದಕ್ಕೆ ಕೇಳಿಸುವುದು ದೇಹದ ಅಂಗಗಳ ಹೆಸರು ಮಾತ್ರ.