ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್‌ಗಳು: ಗಡಿನಾಡಿನ ಹಳೆಯ ಕಂಪ್ಯೂಟರ್‌ಗಳನ್ನು ಮುಂದಿಟ್ಟುಕೊಂಡು ಒಂದು ಪರಿಶೀಲನೆ

ಸಾರಾಂಶ

ವಿಂಡೋಸ್‌ಗಾಗಿ ಬರೆದ ವಿಡಿಯೊ ಗೇಮ್‌ಗಳು ಲಿನಕ್ಸ್‌ನಲ್ಲಿ ಎಷ್ಟರಮಟ್ಟಿಗೆ ನಡೆಯುತ್ತವೆ ಎಂಬುದನ್ನು ಈ ಲೇಖನ ಮೂರು ನೆಲೆಗಳಲ್ಲಿ ಪರಿಶೀಲಿಸುತ್ತದೆ: ತಂತ್ರಾಂಶದ ಸಾಮರ್ಥ್ಯ, ಗ್ರಾಫಿಕ್ಸ್ ಚಿಪ್ಪಿನ ವಯಸ್ಸು, ಗೇಮ್ ಕಂಪನಿಯ ಅನುಮತಿ. ಇಂಟೆಲ್‌ನ 6 ಮತ್ತು 7ನೇ ತಲೆಮಾರಿನ ಕಂಪ್ಯೂಟರ್ ಇಟ್ಟುಕೊಂಡವರಿಗೇ ಈ ಪ್ರಶ್ನೆ ಇಂದು ಎಲ್ಲರಿಗಿಂತ ಹೆಚ್ಚು ಮುಖ್ಯ ಎಂಬುದು ಇಲ್ಲಿನ ವಾದ.

1. ಪ್ರಶ್ನೆಯ ಹಿನ್ನೆಲೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ, ಕೆಲವೇ ಅಪವಾದಗಳನ್ನು ಬಿಟ್ಟು, 8ನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಗಡಿನಾಡಾದ ಅನಂತಪುರ ಜಿಲ್ಲೆಯ ಬೆಳುಗುಪ್ಪ, ರಾಯದುರ್ಗ, ಕಲ್ಯಾಣದುರ್ಗದಂಥ ಊರುಗಳಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದುಕೊಳ್ಳುವ ಮನೆಯವರಿಗೆ ಈ ಗೆರೆ ನೇರವಾಗಿ ತಟ್ಟುತ್ತದೆ. ಯಂತ್ರ ಗಟ್ಟಿಮುಟ್ಟಾಗಿದ್ದರೂ ಅದರ ವಿಂಡೋಸ್‌ಗೆ ಮುಂದೆ ದಾರಿಯಿಲ್ಲ. ಲಿನಕ್ಸ್ ಹಾಕಿಕೊಳ್ಳಬಹುದು ಎಂದರೆ ಮನೆಯ ಮಕ್ಕಳು ಕೇಳುವ ಮೊದಲ ಪ್ರಶ್ನೆ, ‘ಗೇಮ್ ಓಡುತ್ತಾ?’. ಈ ಪ್ರಶ್ನೆಯನ್ನು ವಿದ್ವತ್ತು ಹಗುರವಾಗಿ ಕಾಣಬಾರದು. ಮನೆಯಲ್ಲಿ ಯಾವ ವ್ಯವಸ್ಥೆ ಉಳಿಯಬೇಕು ಎಂಬುದು ಎಷ್ಟೋ ಸಲ ತೀರ್ಮಾನವಾಗುವುದೇ ಇದಕ್ಕೆ ಸಿಗುವ ಉತ್ತರದ ಮೇಲೆ.

2. ತಂತ್ರಾಂಶದ ನೆಲೆ

ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸಲು 1993ರಲ್ಲಿ ಶುರುವಾದ ವೈನ್ ಯೋಜನೆ ತನ್ನ 1.0 ಆವೃತ್ತಿಯನ್ನು ಮುಟ್ಟಿದ್ದು 2008ರಲ್ಲಿ. ವೈನ್ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವುದಿಲ್ಲ. ಗೇಮಿನ ಆದೇಶಗಳನ್ನು ಪ್ರೊಸೆಸರ್ ನೇರವಾಗಿಯೇ ನಡೆಸುತ್ತದೆ. ಕಡತ ತೆರೆ, ಕಿಟಕಿ ಬಿಡಿಸು, ಸದ್ದು ಹೊರಡಿಸು ಎಂದು ಗೇಮ್ ವಿಂಡೋಸನ್ನು ಕೇಳುವ ಕಡೆಯಲ್ಲೆಲ್ಲ ವೈನ್ ನಿಂತು ಉತ್ತರ ಕೊಡುತ್ತದೆ. ಆದ್ದರಿಂದ ಲೆಕ್ಕಾಚಾರದ ವೇಗ ಕುಗ್ಗುವುದಿಲ್ಲ. ಹೊರೆ ಬೀಳುವುದು ಈ ಕೇಳಿಕೆಗಳ ಜಾಗದಲ್ಲಿ ಮಾತ್ರ.

ಆ ಹೊರೆ ಎರಡು ಕಡೆ ದೊಡ್ಡದಾಗಿತ್ತು. ಮೊದಲನೆಯದು ಚಿತ್ರ. ವಿಂಡೋಸ್ ಗೇಮ್‌ಗಳು ಸಾಮಾನ್ಯವಾಗಿ ಡೈರೆಕ್ಟ್‌3ಡಿ ಮೂಲಕ ಚಿತ್ರ ಬಿಡಿಸುತ್ತವೆ, ಲಿನಕ್ಸ್‌ನಲ್ಲಿ ಅದಿಲ್ಲ. ನಿಯರ್: ಆಟೊಮೆಟಾ ಗೇಮನ್ನು ಲಿನಕ್ಸ್‌ನಲ್ಲಿ ಆಡಬೇಕೆಂದು ಫಿಲಿಪ್ ರೆಬೋಲೆ ಬರೆಯತೊಡಗಿದ ಡಿಎಕ್ಸ್‌ವಿಕೆ, ಡೈರೆಕ್ಟ್‌3ಡಿ ಕರೆಗಳನ್ನು ಲಿನಕ್ಸ್‌ನಲ್ಲಿರುವ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯ ಕರೆಗಳಾಗಿ ಬದಲಾಯಿಸುತ್ತದೆ. ವಾಲ್ವ್ ಕಂಪನಿ ಇದನ್ನೂ ವೈನನ್ನೂ ಕೂಡಿಸಿ, ಕೋಡ್‌ವೀವರ್ಸ್ ಜೊತೆ ಸೇರಿ, 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಹೊರತಂದಿತು. ಆಗ ಪರೀಕ್ಷಿಸಿ ಒಪ್ಪಿದ ಗೇಮ್‌ಗಳು 27. ಈಗ ವಾಲ್ವ್‌ನ ಗೇಮ್ ಮಳಿಗೆಯಾದ ಸ್ಟೀಮ್‌ನಲ್ಲಿ ಒಬ್ಬರೇ ಆಡುವ ಗೇಮ್‌ಗಳ ಬಹುಪಾಲು ಯಾವ ತಿದ್ದುಪಡಿಯೂ ಇಲ್ಲದೆ ತೆರೆದುಕೊಳ್ಳುತ್ತದೆ. ಹೊಸ ದೃಶ್ಯ ಬಂದಾಗ ಅದರ ಶೇಡರ್‌ಗಳನ್ನು, ಅಂದರೆ ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳನ್ನು, ಅಲ್ಲೇ ಸಿದ್ಧಪಡಿಸಬೇಕಾಗಿ ಆಟ ಒಂದು ಕ್ಷಣ ತಡವರಿಸುತ್ತಿತ್ತು. 2022ರ ಡಿಎಕ್ಸ್‌ವಿಕೆ 2.0 ಆ ತೊಂದರೆಯನ್ನು ಬಹಳ ಮಟ್ಟಿಗೆ ತಗ್ಗಿಸಿತು.

ಎರಡನೆಯದು ಕಾಯುವಿಕೆ. ಗೇಮಿನೊಳಗೆ ಹಲವು ಕೆಲಸಗಳು ಏಕಕಾಲಕ್ಕೆ ನಡೆಯುತ್ತವೆ, ಒಂದು ಮುಗಿಯುವವರೆಗೆ ಇನ್ನೊಂದು ಕಾಯುತ್ತದೆ. ವಿಂಡೋಸ್‌ನಲ್ಲಿ ಈ ಹೊಂದಾಣಿಕೆಯನ್ನು ನೋಡಿಕೊಳ್ಳುವುದು ಅದರ ತಿರುಳಾದ ಕರ್ನೆಲ್. ವೈನ್‌ನಲ್ಲಾದರೆ ಪ್ರತಿ ಸಲವೂ ವೈನ್‌ಸರ್ವರ್ ಎಂಬ ಬೇರೊಂದು ಪ್ರಕ್ರಿಯೆಯನ್ನು ಕೇಳಿ ಬರಬೇಕಿತ್ತು. ಸೆಕೆಂಡಿಗೆ ಸಾವಿರಾರು ಸಲ ಹೀಗಾದರೆ ಆಟ ಕುಂಟುತ್ತದೆ. ಈಸಿಂಕ್, ಎಫ್‌ಸಿಂಕ್ ಎಂಬ ಮಧ್ಯಂತರ ಪರಿಹಾರಗಳ ನಂತರ, 2025ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 6.14 ಕರ್ನೆಲ್‌ನೊಳಗೇ, ಈ ಹೊಂದಾಣಿಕೆಯನ್ನು ನೋಡಿಕೊಳ್ಳುವ ಎನ್‌ಟಿಸಿಂಕ್ ಸೇರಿಕೊಂಡಿತು. ಹೊರಗಿನಿಂದ ತೇಪೆ ಹಾಕಿಕೊಂಡು ಬಂದ ಕೆಲಸವನ್ನು ಲಿನಕ್ಸ್ ತನ್ನದೇ ಎಂದು ಒಪ್ಪಿಕೊಂಡ ಹೆಜ್ಜೆ ಇದು.

3. ಯಂತ್ರದ ನೆಲೆ

ಈ ಸಾಧನೆಯ ಫಲ ಎಲ್ಲ ಯಂತ್ರಗಳಿಗೂ ಒಂದೇ ತೆರನಾಗಿ ಸಿಗುವುದಿಲ್ಲ. ಡಿಎಕ್ಸ್‌ವಿಕೆ 2.0ರಿಂದೀಚೆಗೆ ವಲ್ಕನ್ 1.3 ಬೇಕೇ ಬೇಕು. 2013ರ ಹ್ಯಾಸ್‌ವೆಲ್, ಅಂದರೆ 4ನೇ ತಲೆಮಾರಿನ ಇಂಟೆಲ್ ಚಿಪ್ಪಿನಲ್ಲಿ ವಲ್ಕನ್ ತೆರೆದರೆ, ಬೆಂಬಲ ಅಪೂರ್ಣ ಎಂಬ ಎಚ್ಚರಿಕೆಯನ್ನು ಲಿನಕ್ಸ್ ಡ್ರೈವರೇ ಟರ್ಮಿನಲ್‌ನಲ್ಲಿ ತೋರಿಸುತ್ತದೆ. ಅಲ್ಲಿ ಓಪನ್‌ಜಿಎಲ್ ಎಂಬ ಹಳೆಯ ಗ್ರಾಫಿಕ್ಸ್ ದಾರಿ ಹಿಡಿಯಬೇಕು, ವೇಗ ಬಿಟ್ಟುಕೊಡಬೇಕು. 2015ರ ಸ್ಕೈಲೇಕ್, ಅಂದರೆ 6ನೇ ತಲೆಮಾರಿಗೆ ಬಂದರೆ ಈ ತೊಡಕಿಲ್ಲ.

ಎರಡು ಗೆರೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಲೇಖನದ ಮುಖ್ಯ ಅಂಶ ಕಾಣುತ್ತದೆ. ವಿಂಡೋಸ್ 11ರ ಬಾಗಿಲು 8ನೇ ತಲೆಮಾರಿನಿಂದ ತೆರೆಯುತ್ತದೆ, ಲಿನಕ್ಸ್‌ನ ವಲ್ಕನ್ ಬಾಗಿಲು 6ನೇ ತಲೆಮಾರಿಗೇ ತೆರೆದಿದೆ. ನಡುವಿನ 6 ಮತ್ತು 7ನೇ ತಲೆಮಾರಿನವರಿಗೆ ಲಿನಕ್ಸ್ ಹವ್ಯಾಸಿಗಳ ಆಯ್ಕೆಯಾಗಿ ಉಳಿದಿಲ್ಲ, ಅದೇ ಸಹಜವಾದ ಮುಂದಿನ ದಾರಿ. ಆದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಅದರದೇ ಮಿತಿಯಿದೆ. 2011ರ ಸ್ಕೈರಿಮ್, 2017ರ ಕಪ್‌ಹೆಡ್‌ನಂಥವನ್ನು ಇವುಗಳಿಂದ ನಿರೀಕ್ಷಿಸಬಹುದು. ಈಚಿನ ಭಾರೀ ಗೇಮ್‌ಗಳು ಅದೇ ಯಂತ್ರದ ವಿಂಡೋಸ್‌ನಲ್ಲೂ ಆಡಲು ಬರುವಂತಿರುವುದಿಲ್ಲ. ಆ ಸೋಲನ್ನು ಲಿನಕ್ಸ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ.

4. ಅನುಮತಿಯ ನೆಲೆ

ತಾಂತ್ರಿಕವಾಗಿ ಏನೂ ಅಡ್ಡಿಯಿಲ್ಲದಿದ್ದರೂ ಓಡದ ಗೇಮ್‌ಗಳಿವೆ. ಹಲವರು ಸೇರಿ ಆಡುವ ಗೇಮ್‌ಗಳಲ್ಲಿ ಮೋಸ ತಡೆಯುವ ತಂತ್ರಾಂಶಗಳಿರುತ್ತವೆ. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರಲ್ಲೇ ಪ್ರೋಟಾನ್‌ಗೆ ಬೆಂಬಲ ಕೊಟ್ಟವು, ಆದರೆ ಅದನ್ನು ಬಳಸುವ ತೀರ್ಮಾನ ಗೇಮ್ ಕಂಪನಿಯದು. ಫೋರ್ಟ್‌ನೈಟ್ ಅದನ್ನು ಬಳಸಿಕೊಂಡಿಲ್ಲ. ಲಿನಕ್ಸ್‌ನಲ್ಲಿ ನಡೆಯುತ್ತಿದ್ದ ಏಪೆಕ್ಸ್ ಲೆಜೆಂಡ್ಸ್ 2024ರಲ್ಲಿ, ಮೋಸಗಾರರ ಹಾವಳಿಯ ಕಾರಣ ಕೊಟ್ಟು, ಬಾಗಿಲು ಮುಚ್ಚಿತು. ಇನ್ನು ವ್ಯಾಲರೆಂಟ್ ಗೇಮಿನಲ್ಲಿ ಅಡ್ಡಿ ತಾಂತ್ರಿಕವೂ ಹೌದು: ಮೋಸ ತಡೆಯುವ ಅದರ ತಂತ್ರಾಂಶ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನೆಲ್‌ನ ಮಟ್ಟದಲ್ಲೇ ಕೆಲಸ ಮಾಡುವುದರಿಂದ ವೈನ್ ಅದಕ್ಕೆ ಉತ್ತರ ಕೊಡಲಾರದು. 2025ರ ಅಕ್ಟೋಬರ್‌ನ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್‌ನ ಪಾಲು ಶೇ. 3 ದಾಟಿತು. ಕಂಪನಿಗಳ ಮನಸ್ಸು ಬದಲಾಗಬೇಕಾದರೆ ಈ ಪಾಲು ಬೆಳೆಯಬೇಕು.

5. ಕಾಸರಗೋಡಿನ ಪಾಠ

ಲಿನಕ್ಸ್ ಹಳ್ಳಿಯ ಮಕ್ಕಳಿಗೆ ಕಷ್ಟ ಎಂಬ ಮಾತಿಗೆ ಕನ್ನಡದ ಇನ್ನೊಂದು ಗಡಿಯಲ್ಲಿ ಉತ್ತರವಿದೆ. ಕೇರಳದ ಐಟಿ@ಸ್ಕೂಲ್ ಯೋಜನೆ, 2017ರಿಂದ ಅದರ ಮುಂದುವರಿಕೆಯಾದ ಕೈಟ್ ಸಂಸ್ಥೆ, ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕಲಿಕೆಯನ್ನು ಸ್ವತಂತ್ರ ತಂತ್ರಾಂಶದ ಮೇಲೆ ಕಟ್ಟಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠವನ್ನು ಕನ್ನಡದಲ್ಲೇ, ಉಬುಂಟು ಲಿನಕ್ಸ್ ಆಧಾರಿತ ವ್ಯವಸ್ಥೆಯ ಮೇಲೆ ಕಲಿಯುತ್ತಾರೆ. ಗೇಮ್ ಆಡಿಸುವುದು ಆ ಯೋಜನೆಯ ಉದ್ದೇಶವಲ್ಲ. ಆದರೂ ಕಡತ ಹುಡುಕುವುದು, ತಂತ್ರಾಂಶ ಹಾಕಿಕೊಳ್ಳುವುದು ಬಲ್ಲ ಮಗುವಿಗೆ ಸ್ಟೀಮ್ ತೆರೆದು ಪ್ರೋಟಾನ್ ಆರಿಸಿಕೊಳ್ಳುವುದು ಹೊಸ ವಿದ್ಯೆಯೇನಲ್ಲ. ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಶಾಲೆಗಳಿಗೂ ಇಂಥದೊಂದು ಕಲಿಕೆ ದಕ್ಕಬೇಕು.

6. ನಿಷ್ಕರ್ಷೆ

‘ಲಿನಕ್ಸ್‌ನಲ್ಲಿ ಗೇಮ್ ಓಡುತ್ತಾ?’ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ, ಆದರೆ ಖಚಿತವಾದ ಕ್ರಮವಿದೆ. ಮೊದಲು ಪ್ರೊಸೆಸರಿನ ತಲೆಮಾರು ನೋಡಬೇಕು. ಆಮೇಲೆ ಗೇಮಿನಲ್ಲಿ ಮೋಸ ತಡೆಯುವ ತಂತ್ರಾಂಶವಿದೆಯೇ, ಇದ್ದರೆ ಕಂಪನಿ ಲಿನಕ್ಸ್‌ಗೆ ಒಪ್ಪಿದೆಯೇ ಎಂದು ವಿಚಾರಿಸಬೇಕು. ಹಲವು ಬಗೆಯ ಲಿನಕ್ಸ್‌ಗಳಲ್ಲಿ ಯಾವುದು ಎಂಬುದು ಕೊನೆಯ ಪ್ರಶ್ನೆ. ಈ ಕ್ರಮದಲ್ಲಿ ನೋಡಿದರೆ, ಕೆಲಸಕ್ಕೆ ಬಾರದೆಂದು ಮೂಲೆಗೆ ಸೇರುವ ಎಷ್ಟೋ ಯಂತ್ರಗಳು ಓದಿಗೂ ಆಟಕ್ಕೂ ಇನ್ನೂ ಹಲವು ವರ್ಷ ಒದಗುತ್ತವೆ. ಹೊಸದು ಕೊಳ್ಳಲು ಕೈಯಲ್ಲಿ ಹಣವಿಲ್ಲದ ಮನೆಗಳಿಗೆ ಈ ಅರಿವನ್ನು ಕನ್ನಡದಲ್ಲಿ ತಲುಪಿಸುವ ಹೊಣೆ ಈ ವಿಷಯ ಬಲ್ಲವರೆಲ್ಲರ ಮೇಲಿದೆ.