ಹೃದ್ರೋಗಚಿಕಿತ್ಸೆಯಲ್ಲಿ ಮೆಗ್ನೀಸಿಯಂ ಲವಣ

ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಬುಗ್ಗೆಯ ಕಹಿನೀರಿನಿಂದ ತೆಗೆದ ಲವಣವನ್ನು ಕುರಿತು ನೆಹೆಮಯಾ ಗ್ರೂ ಎಂಬ ವೈದ್ಯನು 1695ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗ್ರಂಥವೊಂದನ್ನು ಬರೆದನು. ಬಹುಕಾಲದವರೆಗೆ ಅದು ವಿರೇಚನೌಷಧವೆಂದೇ ಪ್ರಸಿದ್ಧವಾಗಿದ್ದಿತು. ಅದರಲ್ಲಿರುವ ಮೆಗ್ನೀಸಿಯಂ ಧಾತುವು ಹೃದಯದ ಮೇಲೆ ಮಾಡುವ ಪರಿಣಾಮವನ್ನು ತ್ಸ್ವಿಲಿಂಗರ್ ಎಂಬ ವೈದ್ಯರು 1935ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ವಿವರಿಸಿದರು.

ಹೃದಯದ ಜೀವಕೋಶಗಳೊಳಕ್ಕೆ ಕ್ಯಾಲ್ಸಿಯಂ ಮಿತಿಮೀರಿ ನುಗ್ಗುವುದನ್ನು ಮೆಗ್ನೀಸಿಯಂ ತಡೆಯುವುದಷ್ಟೆ. ಆದುದರಿಂದ ಹೃದಯಾಘಾತವಾದೊಡನೆ ಇದನ್ನು ರಕ್ತನಾಳಕ್ಕೆ ಸೇರಿಸಿದರೆ ಪ್ರಾಣವುಳಿಯಬಹುದೆಂಬ ತರ್ಕವು ಹುಟ್ಟಿತು. ತರ್ಕವೇನೋ ಸೊಗಸಾದುದೇ. ಲೆಸ್ಟರ್ ನಗರದಲ್ಲಿ 2,316 ರೋಗಿಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಪರೀಕ್ಷೆಯು ಅದನ್ನು ಸಮರ್ಥಿಸಿತು: ಲವಣವನ್ನು ಪಡೆಯದವರಲ್ಲಿ ನೂರಕ್ಕೆ 10.3ರಷ್ಟು, ಪಡೆದವರಲ್ಲಿ 7.8ರಷ್ಟು ಮಂದಿ 28 ದಿನಗಳೊಳಗೆ ಮೃತರಾದರು. ಇಷ್ಟು ಅಗ್ಗವಾದ ಮದ್ದಿನಿಂದ ಇಷ್ಟು ಫಲವೆಂದರೆ ಯಾರಿಗೆ ತಾನೆ ಆಸೆ ಹುಟ್ಟದು?

1995ರಲ್ಲಿ ಪ್ರಕಟವಾದ ಐಸಿಸ್-4 ಎಂಬ ಪರೀಕ್ಷೆಯಲ್ಲಿ ರೋಗಿಗಳು 58,050 ಮಂದಿ. ಲವಣವನ್ನು ಪಡೆದವರಲ್ಲಿ ಸತ್ತವರು ನೂರಕ್ಕೆ 7.64, ಪಡೆಯದವರಲ್ಲಿ 7.24. ಮದ್ದನ್ನು ತಡವಾಗಿ ಕೊಟ್ಟುದೇ ಇದಕ್ಕೆ ಕಾರಣವೆಂದು ಹಿಂದಿನ ಪಕ್ಷದವರು ವಾದಿಸಿದರು. ಈ ಆಕ್ಷೇಪವು ತಳ್ಳಿಹಾಕತಕ್ಕುದಾಗಿರಲಿಲ್ಲ. ಲೆಸ್ಟರಿನಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಔಷಧಕ್ಕಿಂತ ಮೊದಲೇ ಲವಣವನ್ನು ಕೊಡುತ್ತಿದ್ದರು. ಆ ಸಂದೇಹವನ್ನು ಪರಿಹರಿಸುವುದಕ್ಕಾಗಿಯೇ 6,213 ರೋಗಿಗಳಿಗೆ ಆರು ಗಂಟೆಗಳೊಳಗೆ ಚಿಕಿತ್ಸೆಯನ್ನಾರಂಭಿಸಿದ ಮತ್ತೊಂದು ಪರೀಕ್ಷೆಯು ನಡೆದು, 2002ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳಲ್ಲಿಯೂ ಮರಣವು ನೂರಕ್ಕೆ ಸುಮಾರು 15.

ಟಾರ್ಸಾಡ್ ಎಂಬ ವಿಶಿಷ್ಟವಾದ ಲಯಭಂಗದಲ್ಲಿಯಾದರೋ ಈ ಲವಣವನ್ನು ರಕ್ತನಾಳಕ್ಕೆ ಕೊಡುವ ಕ್ರಮವು ಇಂದಿಗೂ ಉಳಿದುಬಂದಿದೆ.